ಡಿಜಿಟಲ್ ಸಂಚಿಯ ಕೀರ್ದಿ ಮತ್ತು ಖಾತೆ

ಅರ್ಥಶಾಸ್ತ್ರ, ಇತಿಹಾಸ, ಕನ್ನಡಗಳನ್ನು ಓದುವ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ವಿಷಯವನ್ನೆತ್ತಿಕೊಂಡು ಲೇಖನ ಬರೆಯಹೊರಟಿರುವುದು ವಾಚಕರಲ್ಲಿ ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ವಿಜ್ಞಾನ ವಿಭಾಗವೇ ಇಲ್ಲದ ನಮ್ಮ ಕಾಲೇಜಿನಲ್ಲಿ ಇದನ್ನು ಬರೆಯಲು ಬೇರೊಬ್ಬರು ಕಾದು ನಿಂತಿಲ್ಲವೆಂಬುದು ನನಗೊಂದು ಸಮಾಧಾನ. ಮೇಲಾಗಿ ನನ್ನ ವಿಷಯದಲ್ಲಿ ಯಂತ್ರದ ಪಾಲು ಸ್ವಲ್ಪ, ಲೆಕ್ಕದ ಪಾಲು ಬಹಳ. ಪರರ ಹಣವನ್ನು ಕೈಯಲ್ಲಿಟ್ಟುಕೊಂಡವನು ಅದರ ಲೆಕ್ಕವನ್ನು ಹೇಗೆ ಬರೆಯಬೇಕೆಂಬ ಪ್ರಶ್ನೆ ಯಂತ್ರಕ್ಕಿಂತ ಬಹಳ ಹಳೆಯದು. ಕಳೆದ ವರ್ಷ ನಾನು ಮಾಡಿದ ಒಂದು ತಪ್ಪಿನಿಂದ ಆ ಪ್ರಶ್ನೆ ನನ್ನ ಮುಂದೆ ಬಂದು ನಿಂತಿತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನಿರುವ ವಿದ್ಯಾರ್ಥಿನಿಲಯ ಸರಕಾರದ್ದಲ್ಲ. ಹಿಂದೆ ಯಾರೋ ಪುಣ್ಯಾತ್ಮರು ಕಟ್ಟಿಸಿಕೊಟ್ಟ ಕಟ್ಟಡ. ವಾಸಕ್ಕೆ ಬಾಡಿಗೆಯಿಲ್ಲ, ಊಟದ ವ್ಯವಸ್ಥೆ ಮಾತ್ರ ನಮ್ಮದೇ. ಅರುವತ್ತು ಮಂದಿ ಹುಡುಗರು ಸರದಿಯ ಮೇಲೆ ಊಟದ ಮನೆಯನ್ನು ನಡೆಸುತ್ತೇವೆ. ಪ್ರತಿಯೊಬ್ಬನೂ ಕೈಲಾದಷ್ಟು ಮುಂಗಡ ಕೊಟ್ಟಿರುತ್ತಾನೆ. ಉಂಡ ಊಟಕ್ಕೆ 35 ರೂಪಾಯಿಯಂತೆ ಅದರಲ್ಲಿ ವಜಾ ಆಗುತ್ತದೆ. ಲೆಕ್ಕದ ನೋಟುಬುಕ್ಕು ಅಡಿಗೆಮನೆಯಲ್ಲಿಯೇ ಇರುತ್ತಿದ್ದುದರಿಂದ ತಿಂಗಳ ಕೊನೆಗೆ ಅದರಲ್ಲಿ ಅಂಕಿಗಳಿಗಿಂತ ಸಾರಿನ ಕಲೆಗಳೇ ಹೆಚ್ಚಾಗಿರುತ್ತಿದ್ದವು. ಕಾಲೇಜಿನ ಗಣಕ ಕೊಠಡಿಯಲ್ಲಿ ಅಷ್ಟಿಷ್ಟು ಪೈಥಾನ್ ಕಲಿತಿದ್ದ ನಾನು, ಈ ನೋಟುಬುಕ್ಕಿಗೆ ಬದಲಾಗಿ ಒಂದು ಜಾಲತಾಣವನ್ನೇ ಕಟ್ಟುತ್ತೇನೆಂದು ಮುಂದೆ ಬಂದೆ. ಪ್ರತಿಯೊಬ್ಬನಿಗೂ ಫೋನಿನಲ್ಲಿ ಒಂದು ಸಂಚಿ. ಈಗಿನ ಮಾತಿನಲ್ಲಿ ವ್ಯಾಲೆಟ್. ‘ಊಟ’ ಎಂಬ ಗುಂಡಿಯನ್ನೊತ್ತಿದರೆ 35 ರೂಪಾಯಿ ಕಳೆದು ಪರದೆಯ ಮೇಲೆ ಒಂದು ಚೀಟಿ ಮೂಡುತ್ತದೆ. ಅದನ್ನು ನೋಡಿ ಅಡಿಗೆಯವರು ತಟ್ಟೆ ಕೊಡುತ್ತಾರೆ.

ನನ್ನ ಮೊದಲ ರಚನೆ ಬಹು ಸರಳವಾಗಿತ್ತು. ಒಂದು ಪಟ್ಟಿ, ಅದರಲ್ಲಿ ಹೆಸರು, ಹೆಸರಿನ ಮುಂದೆ ಉಳಿದ ಹಣ. ಗುಂಡಿ ಒತ್ತಿದಾಗ ಆ ಅಂಕಿಯನ್ನು ಓದುವುದು, 35 ಕಳೆಯುವುದು, ಹಳೆಯದರ ಮೇಲೆ ಹೊಸದನ್ನು ಬರೆಯುವುದು. ಒಂದು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು. ಮಿತ್ರರ ಹೊಗಳಿಕೆಯಿಂದ ನಾನು ಸ್ವಲ್ಪ ಉಬ್ಬಿಯೂ ಇದ್ದೆ. ಎರಡನೆಯ ತಿಂಗಳ ಒಂದು ರಾತ್ರಿ ಮೊದಲ ವರ್ಷದ ಹುಡುಗನೊಬ್ಬನು ಗುಂಡಿಯನ್ನೊತ್ತಿದಾಗ ನೆಟ್‌ವರ್ಕ್ ನಿಧಾನವಾಗಿತ್ತು. ಚಕ್ರ ತಿರುಗುತ್ತಲೇ ಇತ್ತು. ಅವನು ಮತ್ತೊಮ್ಮೆ ಒತ್ತಿದನು. 75 ರೂಪಾಯಿ 40 ಆಯಿತು, 40 ಹೋಗಿ 5 ಆಯಿತು. ಮರುದಿನ ಮಧ್ಯಾಹ್ನ ಪರದೆಯ ಮೇಲೆ ‘ಹಣ ಸಾಲದು’ ಎಂದು ಬಂದಿತು. ಆ ಹುಡುಗ ಯಾರೊಡನೆಯೂ ಜಗಳವಾಡಲಿಲ್ಲ. ಎರಡು ದಿನ ಊಟದ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕುಳಿತಿದ್ದನೆಂದು ಆಮೇಲೆ ತಿಳಿಯಿತು. ವಿಷಯ ತಿಳಿದೊಡನೆ ನಾನು ಪಟ್ಟಿಯನ್ನು ತೆರೆದು ನೋಡಿದೆ. ಅವನ ಹೆಸರಿನ ಮುಂದೆ 5 ಎಂದಿತ್ತು. ಅದರಾಚೆ ಏನೂ ಇರಲಿಲ್ಲ. ಆ 5 ಹೇಗೆ ಬಂದಿತೆಂದು ಹೇಳಲು ಅದನ್ನು ಕಟ್ಟಿದ ನನಗೇ ಸಾಧ್ಯವಾಗಲಿಲ್ಲ. ಎರಡು ಬಾರಿ ಒತ್ತಿದ ಸಂಗತಿ ಅವನು ಹೇಳಿದ್ದರಿಂದ ತಿಳಿಯಿತೇ ಹೊರತು ನನ್ನ ಲೆಕ್ಕದಿಂದ ತಿಳಿಯಲಿಲ್ಲ.

ಇಲ್ಲಿ ಮನೆಯ ಒಂದು ಮಾತನ್ನು ಹೇಳಬೇಕಾಗಿದೆ. ನನ್ನ ತಂದೆ ಹಮಾಲಿ. ಓದು ಬರಹ ಬಾರದು. ನಾನು ಚಿಕ್ಕವನಾಗಿದ್ದಾಗ ಒಬ್ಬರಲ್ಲಿ ಮುಂಗಡ ತೆಗೆದುಕೊಂಡು ದುಡಿದು ತೀರಿಸುತ್ತಿದ್ದರು. ವಾರಕ್ಕೊಮ್ಮೆ ಆ ಮನೆಯವರು ಒಂದು ಚೀಟಿಯನ್ನು ನೋಡಿ ಬಾಕಿ ಇಷ್ಟು ಎನ್ನುತ್ತಿದ್ದರು. ಹಿಂದಿನ ವಾರದ ಚೀಟಿ ಹರಿದುಹೋಗಿರುತ್ತಿತ್ತು. ಆ ಬಾಕಿ ಬೇಗ ಇಳಿಯಲಿಲ್ಲ ಎಂದಷ್ಟೇ ಹೇಳುತ್ತೇನೆ. ಬಿ.ಎ. ಓದುವ ಮಗನು ಕಟ್ಟಿದ ಸಂಚಿಯೂ ಅದೇ ಚೀಟಿಯೆಂದು ಆ ರಾತ್ರಿ ನನಗೆ ಹೊಳೆಯಿತು. ಹುಡುಗನ 35 ರೂಪಾಯಿಯನ್ನು ಮರಳಿ ಸೇರಿಸಿದ್ದಾಯಿತು. ನಾಚಿಕೆ ಮಾತ್ರ ಹೋಗಲಿಲ್ಲ.

ಬೇಸಗೆಯ ರಜದಲ್ಲಿ ತಂದೆಯವರಿಗೆ ಊಟ ಕೊಡಲು ಅವರು ಈಗ ಕೆಲಸ ಮಾಡುವ ಅಡತಿ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿಯ ವಯಸ್ಸಾದ ಗುಮಾಸ್ತರು, ಅಂಗಡಿಗೆ ಗಣಕಯಂತ್ರ ಬಂದು ವರ್ಷಗಳಾಗಿದ್ದರೂ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿಗಳನ್ನು ಇನ್ನೂ ಬಿಟ್ಟಿಲ್ಲ. ನಾನು ನನ್ನ ತಾಪತ್ರಯವನ್ನು ಹೇಳಿಕೊಂಡಾಗ ಅವರು ಎರಡು ವಹಿಗಳನ್ನು ತೆರೆದು ತೋರಿಸಿದರು. ಒಂದು ರೋಜು ಕೀರ್ದಿ. ಅದರಲ್ಲಿ ದಿನದ ವ್ಯವಹಾರಗಳನ್ನೆಲ್ಲ ನಡೆದ ಕ್ರಮದಲ್ಲಿಯೇ ಒಂದರ ಕೆಳಗೊಂದು ಬರೆಯುವುದು. ಇನ್ನೊಂದು ಖಾತೆ. ಅದರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪುಟ. ಕೀರ್ದಿಯಲ್ಲಿ ಬರೆದುದನ್ನು ಸಂಬಂಧಪಟ್ಟವರ ಪುಟಕ್ಕೆ ಎತ್ತಿ ಬರೆಯುವುದು. “ಖಾತಿ ಸುಟ್ಟು ಹೋದ್ರ ಹೋಗ್ಲಿ ತಮ್ಮಾ, ಕೀರ್ದಿ ಇದ್ರ ಮತ್ತ ಬರೀಬಹುದು” ಎಂದರು. ತಪ್ಪು ಬರೆದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಗೀಚಬಾರ್ದು, ಹಾಳಿ ಹರೀಬಾರ್ದು. ಕೆಳಗ ಉಲ್ಟಾ ನಮೂದು ಬರದು, ಯಾಕ ಬರದ್ವಿ ಅನ್ನೂದೂ ಬರೀಬೇಕು.”

ಇಷ್ಟೇ. ಮುಂದೆ ಹಲವು ಇಂಗ್ಲಿಷ್ ಪುಸ್ತಕಗಳಲ್ಲಿ ಕಷ್ಟಪಟ್ಟು ಓದಿದುದೆಲ್ಲವೂ ಈ ಮಾತುಗಳ ವಿಸ್ತಾರವೆಂದೇ ನನ್ನ ಅಭಿಪ್ರಾಯ. ಇತಿಹಾಸದ ವಿದ್ಯಾರ್ಥಿಯಾದುದರಿಂದ ಒಂದು ವಿಷಯವನ್ನು ಸೇರಿಸುತ್ತೇನೆ. ಜೋಡಿ ನಮೂದಿನ ಪದ್ಧತಿಯನ್ನು ಅಚ್ಚಿನ ಪುಸ್ತಕದಲ್ಲಿ ಮೊದಲು ವಿವರವಾಗಿ ತಿಳಿಸಿದವನು ಲುಕಾ ಪಚೋಲಿ ಎಂಬ ಇಟಲಿಯ ಗಣಿತಜ್ಞ ಸನ್ಯಾಸಿ. ಅವನ ಗ್ರಂಥ ವೆನಿಸ್ಸಿನಲ್ಲಿ ಅಚ್ಚಾದುದು 1494ರಲ್ಲಿ. ಪದ್ಧತಿಯನ್ನು ಕಂಡುಹಿಡಿದವನು ಅವನಲ್ಲ. ವೆನಿಸ್ಸಿನ ವರ್ತಕರು ಅದಾಗಲೇ ಹಾಗೆ ಬರೆಯುತ್ತಿದ್ದರು. ವಿಜಯನಗರಕ್ಕೆ ಬಂದುಹೋದ ನಿಕೊಲೊ ಕಾಂಟಿ ಆ ಕಡೆಯ ವರ್ತಕನೇ. ಅವನು ವಿಜಯನಗರವನ್ನು ಬಣ್ಣಿಸಿದುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ನಾವು, ಅವನ ನಾಡಿನವರು ಲೆಕ್ಕ ಬರೆದ ಬಗೆಯನ್ನು ಕೇಳಿಯೂ ಇರುವುದಿಲ್ಲ.

ಜೋಡಿ ನಮೂದು ಎಂದರೇನು? ಹಣ ಎಲ್ಲಿಂದಲೋ ಬಂದಿರಬೇಕು, ಎಲ್ಲಿಗೋ ಹೋಗಿರಬೇಕು. ಆದುದರಿಂದ ಪ್ರತಿ ವ್ಯವಹಾರಕ್ಕೂ ಕಡಿಮೆಯೆಂದರೆ ಎರಡು ಸಾಲು ಬೇಕು. ಎರಡನ್ನೂ ಕೂಡಿದರೆ ಸೊನ್ನೆ ಬರಬೇಕು. ನನ್ನ ಎರಡನೆಯ ರಚನೆಯಲ್ಲಿ ಅರುವತ್ತು ಹುಡುಗರ ಖಾತೆಗಳೊಡನೆ, ಬ್ಯಾಂಕಿನಲ್ಲಿಟ್ಟ ಹಣಕ್ಕೆ ಒಂದು ಖಾತೆ, ಊಟದ ಉತ್ಪತ್ತಿಗೆ ಒಂದು ಖಾತೆ ತೆರೆದೆ. ಒಬ್ಬನು 500 ರೂಪಾಯಿ ಕೊಟ್ಟನೆನ್ನೋಣ. ಅವನ ಖಾತೆಗೆ ಕೂಡು 500, ಬ್ಯಾಂಕಿನ ಖಾತೆಗೆ ಕಳೆ 500. ಅವನು ಒಂದು ಊಟ ಮಾಡಿದನು: ಅವನ ಖಾತೆಗೆ ಕಳೆ 35, ಊಟದ ಖಾತೆಗೆ ಕೂಡು 35. ಈಗ ಅವನದು 465, ಊಟದ್ದು 35, ಬ್ಯಾಂಕಿನದು ಕಳೆ 500, ಒಟ್ಟು ಸೊನ್ನೆ. ಬ್ಯಾಂಕಿನ ಮುಂದೆ ಕಳೆಚಿಹ್ನೆ ಇರುವುದನ್ನು ನೋಡಿ ಮಿತ್ರರು ಗಾಬರಿಯಾದರು. ಹುಡುಗನ ಹಣ ನಮ್ಮ ಪಾಲಿಗೆ ಸಾಲ. ಆ ಸಾಲಕ್ಕೆ ಎದುರಾಗಿ ನಮ್ಮ ವಶದಲ್ಲಿ ಇಷ್ಟು ಇದೆಯೆಂಬುದನ್ನು ಆ ಕಳೆಚಿಹ್ನೆ ಸೂಚಿಸುತ್ತದೆ, ಅಷ್ಟೆ. ಸಂಚಿಯಲ್ಲಿರುವ ಹಣ ಸಂಚಿ ಕಟ್ಟಿದವನದಲ್ಲವೆಂಬುದು ಈ ಬರವಣಿಗೆಯಲ್ಲಿ ಮರೆಯಲಾರದಂತೆ ಕಣ್ಣಿಗೆ ಕಾಣುತ್ತದೆ.

ಉಳಿದ ಹಣವನ್ನು ಈಗ ಎಲ್ಲಿಯೂ ತಿದ್ದಿ ಬರೆಯುವುದಿಲ್ಲ. ಒಬ್ಬನ ಖಾತೆಯ ಸಾಲುಗಳನ್ನೆಲ್ಲ ಕೂಡಿದರೆ ಬರುವುದೇ ಅವನ ಉಳಿಕೆ. ಇಷ್ಟೊಂದು ಸಾಲುಗಳನ್ನು ಪ್ರತಿಸಲ ಕೂಡುವುದು ಯಂತ್ರಕ್ಕೆ ಭಾರವಾಗದೆ ಎಂದು ಒಬ್ಬ ಅಧ್ಯಾಪಕರು ಕೇಳಿದರು. ಅರುವತ್ತು ಮಂದಿ, ದಿನಕ್ಕೆ ಎರಡು ಊಟ, ಹತ್ತು ತಿಂಗಳು. 36,000 ವ್ಯವಹಾರ, 72,000 ಸಾಲು. ಯಂತ್ರಕ್ಕೆ ಇದು ಲೆಕ್ಕಕ್ಕೇ ಇಲ್ಲ. ಕೋಟಿಗಟ್ಟಲೆ ಸಾಲುಗಳಿರುವಲ್ಲಿ ಉಳಿಕೆಯ ಅಂಕಿಯನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಬಹುದು. ಆದರೆ ಎರಡಕ್ಕೂ ಭೇದ ಬಂದರೆ ಸಾಲುಗಳೇ ಸತ್ಯ, ಪಕ್ಕದ ಅಂಕಿ ಸುಳ್ಳು.

ಹಣವನ್ನು ರೂಪಾಯಿಯ ದಶಮಾಂಶವಾಗಿ ಬರೆಯದೆ ಪೈಸೆಗಳ ಪೂರ್ಣಾಂಕವಾಗಿ ಬರೆಯುವುದು ಲೇಸು. ಯಂತ್ರವು ಎರಡರ ಆಧಾರದಲ್ಲಿ ಎಣಿಸುವುದರಿಂದ ಅದರ ಸಾಧಾರಣ ದಶಮಾಂಶದ ಲೆಕ್ಕದಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004 ಎಂದು ಬರುತ್ತದೆ. ಇದನ್ನು ಮೊದಲು ಕಂಡಾಗ ನನ್ನ ಯಂತ್ರ ಕೆಟ್ಟಿದೆಯೆಂದೇ ತಿಳಿದಿದ್ದೆ.

ಇನ್ನು ಕಠಿನವಾದ ಭಾಗಕ್ಕೆ ಬರೋಣ. ಎರಡು ಸಾಲು ಬರೆಯಬೇಕಾದಲ್ಲಿ ಒಂದನ್ನು ಬರೆದು ಇನ್ನೊಂದನ್ನು ಬರೆಯುವಷ್ಟರಲ್ಲಿ ಕರೆಂಟು ಹೋದರೆ? ನಮ್ಮ ಊರಿನಲ್ಲಿ ಇದು ಕೇವಲ ತಾರ್ಕಿಕವಾದ ಪ್ರಶ್ನೆಯಲ್ಲ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಈ ನಿಯಮವನ್ನು ಶಾಸ್ತ್ರೀಯವಾಗಿ ನೆಲೆಗೊಳಿಸಿದವರಲ್ಲಿ ಅಮೆರಿಕದ ಜಿಮ್ ಗ್ರೇ ಪ್ರಮುಖರು. 1998ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ನಾನು ಬಳಸಿದ ಪೋಸ್ಟ್‌ಗ್ರೆಸ್ ಎಂಬ ದತ್ತಕೋಶ ಇದನ್ನು ಸಾಧಿಸುವ ಬಗೆಯನ್ನು ಓದಿದಾಗ ನನಗೆ ನಗು ಬಂದಿತು. ಅದು ಯಾವುದೇ ಬದಲಾವಣೆಯನ್ನು ತನ್ನ ಪುಟಗಳಲ್ಲಿ ಮಾಡುವ ಮುನ್ನ ಒಂದು ಪ್ರತ್ಯೇಕ ದಾಖಲೆಯಲ್ಲಿ ಕ್ರಮವಾಗಿ ಬರೆದಿಡುತ್ತದೆ. ಕರೆಂಟು ಹೋಗಿ ಬಂದ ಮೇಲೆ ಆ ದಾಖಲೆಯನ್ನು ಓದಿಕೊಂಡು ಪುಟಗಳನ್ನು ಸರಿಪಡಿಸಿಕೊಳ್ಳುತ್ತದೆ. ಅಂದರೆ ಗುಮಾಸ್ತರ ಕೀರ್ದಿ ಯಂತ್ರದ ಹೊಟ್ಟೆಯೊಳಗೂ ಇದೆ!

ಇನ್ನೊಂದು ಅಪಾಯ, ಒಂದೇ ಕ್ಷಣದಲ್ಲಿ ಇಬ್ಬರು ಬರುವುದು. ಒಂದೇ ಸಂಚಿಯನ್ನು ಎರಡು ಫೋನುಗಳಲ್ಲಿ ತೆರೆಯಬಹುದು. ಉಳಿಕೆ 50 ರೂಪಾಯಿ. ಎರಡು ಕಡೆಯಿಂದಲೂ ಊಟದ ಬೇಡಿಕೆ ಒಟ್ಟಿಗೆ ಬಂದರೆ ಎರಡೂ 50 ಎಂದು ಓದುತ್ತವೆ, ಎರಡೂ ಸಾಕೆಂದು ತಿಳಿಯುತ್ತವೆ. ಎರಡು ತಟ್ಟೆ ಹೋಗಿ ಖಾತೆ 20 ರೂಪಾಯಿ ಸಾಲಕ್ಕೆ ಬೀಳುತ್ತದೆ. ಆದುದರಿಂದ ಮೊದಲು ಬಂದ ಬೇಡಿಕೆ ಆ ಖಾತೆಗೆ ಬೀಗ ಹಾಕಿ, ಓದಿ, ಬರೆದು, ಆಮೇಲೆ ಬೀಗ ತೆಗೆಯಬೇಕು. ಎರಡನೆಯದು ಅಲ್ಲಿಯವರೆಗೆ ಬಾಗಿಲಲ್ಲಿ ಕಾಯಬೇಕು. ಗುಮಾಸ್ತರು ಒಬ್ಬರೇ ಇದ್ದು ವಹಿಯೂ ಒಂದೇ ಇರುವಲ್ಲಿ ಈ ತೊಂದರೆ ತಾನಾಗಿಯೇ ಇಲ್ಲ.

ಬೀಗದಿಂದ ಆ ಹುಡುಗನ ತೊಂದರೆ ತೀರುವುದಿಲ್ಲವೆಂಬುದನ್ನು ಗಮನಿಸಬೇಕು. ಅವನ ಎರಡು ಒತ್ತುಗಳು ಒಂದರ ಹಿಂದೊಂದು ಬಂದವು. ಯಂತ್ರದ ದೃಷ್ಟಿಯಲ್ಲಿ ಎರಡು ಊಟ. ಅವನ ಮನಸ್ಸಿನಲ್ಲಿ ಒಂದೇ. ಈ ಎರಡನ್ನೂ ಒಂದೆಂದು ಗುರುತಿಸಲು ಪ್ರತಿ ಬೇಡಿಕೆಗೂ ಒಂದು ಗುರುತಿನ ಸಂಖ್ಯೆ ಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಹೊಸದಾಗಿ ಹಣ ಕಳೆಯದೆ, ಮೊದಲ ಸಲ ಕೊಟ್ಟ ಉತ್ತರವನ್ನೇ ಮತ್ತೆ ಕೊಡಬೇಕು. ಇದನ್ನು ಮಾಡುವಾಗಲೂ ನಾನು ಎರಡು ಕಡೆ ಎಡವಿದೆ. ಮೊದಲು, ಸಂಖ್ಯೆಯನ್ನು ಗುಂಡಿ ಒತ್ತಿದಾಗ ಹುಟ್ಟಿಸಿದೆ. ಎರಡು ಸಲ ಒತ್ತಿದರೆ ಎರಡು ಸಂಖ್ಯೆ ಹುಟ್ಟಿ ಮತ್ತೆ ಹಳೆಯ ಕತೆಯೇ ಆಯಿತು. ಪುಟ ತೆರೆದಾಗಲೇ ಅದು ಹುಟ್ಟಿರಬೇಕು. ಎರಡನೆಯದಾಗಿ, ಈ ಸಂಖ್ಯೆ ಮೊದಲೇ ಇದೆಯೇ ಎಂದು ನೋಡಿ, ಇಲ್ಲವಾದರೆ ಬರೆಯುವಂತೆ ಮಾಡಿದ್ದೆ. ನೋಡುವುದಕ್ಕೂ ಬರೆಯುವುದಕ್ಕೂ ನಡುವಣ ಕಿಂಚಿತ್ ಕಾಲದಲ್ಲಿ ಎರಡನೆಯ ಬೇಡಿಕೆ ನುಸುಳಬಲ್ಲದು. ಒಂದು ಸಂಖ್ಯೆಯನ್ನು ಎರಡು ಸಲ ಬರೆಯಲು ಬಿಡಬಾರದೆಂಬ ನಿಯಮವನ್ನು ದತ್ತಕೋಶಕ್ಕೇ ಒಪ್ಪಿಸಿದ ಮೇಲೆ ನಿಶ್ಚಿಂತೆಯಾಯಿತು. ನನ್ನ ಗೆಳೆಯನೊಬ್ಬನು ಪರೀಕ್ಷೆಗೆಂದು ಒಂದೇ ಪುಟದಲ್ಲಿ ಗುಂಡಿಯನ್ನು ನೂರು ಸಲ ಒತ್ತಿದನು. ಒಂದೇ ಊಟ ಕಳೆಯಿತು.

ಹಣ ಒಳಗೆ ಬರುವಲ್ಲಿ ಸಮಸ್ಯೆ ಬೇರೆ ಬಗೆಯದು. ಹುಡುಗರು ಮುಂಗಡವನ್ನು ಯು.ಪಿ.ಐ. ಮೂಲಕ ಬ್ಯಾಂಕಿನ ಖಾತೆಗೆ ಹಾಕುತ್ತಾರೆ. 2016ರಲ್ಲಿ ಆರಂಭವಾದ ಯು.ಪಿ.ಐ.ಯನ್ನೂ ವ್ಯಾಲೆಟ್ಟನ್ನೂ ಅನೇಕರು ಒಂದೆಂದೇ ತಿಳಿದಿದ್ದಾರೆ. ಮೊದಲನೆಯದು ಸಾಮಾನ್ಯವಾಗಿ ಒಂದು ಬ್ಯಾಂಕಿನ ಖಾತೆಯಿಂದ ಇನ್ನೊಂದಕ್ಕೆ ಹಣ ಸಾಗುವ ದಾರಿ. ಎರಡನೆಯದರಲ್ಲಿ ಹಣವನ್ನು ಮೊದಲೇ ಕೊಟ್ಟಿರುತ್ತೇವೆ. ಪ್ರತಿ ಪಾವತಿಗೂ ಒಂದು ಹನ್ನೆರಡು ಅಂಕಿಯ ಉಲ್ಲೇಖ ಸಂಖ್ಯೆ ಇರುತ್ತದೆ. ಅದನ್ನು ನಮ್ಮ ಪುಟದಲ್ಲಿ ತುಂಬಿದರೆ, ಬೆಳಿಗ್ಗೆ ಕಾರ್ಯದರ್ಶಿ ಬ್ಯಾಂಕಿನ ಪಟ್ಟಿಯೊಡನೆ ತಾಳೆ ನೋಡಿ ಜಮಾ ಮಾಡುತ್ತಾನೆ. ಪರದೆಯ ಚಿತ್ರವನ್ನು ತೋರಿಸಿದರೆ ಒಪ್ಪುವುದಿಲ್ಲ. ಒಂದೇ ಪಾವತಿಯನ್ನು ಇಬ್ಬರು ಕೋಣೆಮಿತ್ರರು ತಮ್ಮತಮ್ಮದೆಂದು ತೋರಿಸಿದುದೂ ಉಂಟು. ಅಲ್ಲಿಯೂ ಒಂದು ಸಂಖ್ಯೆಗೆ ಒಂದೇ ಜಮಾ ಎಂಬ ನಿಯಮವೇ ಕಾಪಾಡಿತು.

ಫೋನಿನಲ್ಲಿ ಹಣ ಹೋಗಿದೆ, ಬ್ಯಾಂಕಿಗೆ ಬಂದಿಲ್ಲ. ಇಂಥ ಸಂದರ್ಭದಲ್ಲಿ ಏನು ಬರೆಯಬೇಕು? ಆಯಿತು, ಆಗಲಿಲ್ಲ ಎಂಬ ಎರಡೇ ಉತ್ತರಗಳಿವೆಯೆಂದು ನಾನು ತಿಳಿದಿದ್ದೆ. ಇನ್ನೂ ತಿಳಿಯದು ಎಂಬ ಮೂರನೆಯ ಉತ್ತರವಿದೆ. ಅದನ್ನು ‘ಆಗಲಿಲ್ಲ’ ಎಂದು ಬರೆದವನು ಮತ್ತೊಮ್ಮೆ ಕಳುಹಿಸೆಂದು ಹೇಳಿ ಬಡವನಿಂದ ಎರಡು ಸಲ ಹಣ ಕೀಳುತ್ತಾನೆ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಇದಕ್ಕೆ ಗಡುವು ಹಾಕಿತು. ಯು.ಪಿ.ಐ.ಯಲ್ಲಿ ಕೊಟ್ಟವನ ಖಾತೆಯಿಂದ ಹಣ ಕಳೆದು ಪಡೆಯುವವನ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ಹಿಂದಿರುಗಬೇಕು. ಅಂಗಡಿಗೆ ಕೊಟ್ಟ ಹಣ ಬಂದ ಖಚಿತಮಾಹಿತಿ ಅಂಗಡಿಗೆ ತಲುಪದಿದ್ದರೆ ಐದು ದಿನದೊಳಗೆ. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ. ಇದನ್ನು ಬರೆದು ಊಟದ ಮನೆಯ ಬಾಗಿಲಿಗೆ ಅಂಟಿಸಿದ್ದೇನೆ, ಏಕೆಂದರೆ ನಮ್ಮಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಇದಕ್ಕೆ ತಿರುಗುಮುರುಗಾದ ಸಂಗತಿಯೂ ನಡೆಯಿತು. ಒಂದು ಬೆಳಿಗ್ಗೆ ಬ್ಯಾಂಕಿನಲ್ಲಿ ನಮ್ಮ ಲೆಕ್ಕಕ್ಕಿಂತ 500 ರೂಪಾಯಿ ಹೆಚ್ಚಿಗೆ ಇತ್ತು. ಯಾರದೆಂದು ತಿಳಿಯದು. ಹೆಚ್ಚು ಬಂದುದಲ್ಲವೇ, ಎಣ್ಣೆಗೆ ಖರ್ಚು ಮಾಡೋಣವೆಂದು ಸಮಿತಿಯಲ್ಲಿ ಒಬ್ಬನೆಂದನು. ಗುಮಾಸ್ತರಿಗೆ ಫೋನು ಮಾಡಿದೆ. ಅವರು ಒಂದೇ ಶಬ್ದ ಹೇಳಿದರು: ಅನಾಮತು. ಒಡೆಯನು ತಿಳಿಯುವವರೆಗೆ ಹಣ ನಿಲ್ಲುವ ಖಾತೆ. ನಾಲ್ಕು ದಿನ ಅದು ಅಲ್ಲಿಯೇ ಇತ್ತು. ಆಮೇಲೆ ಹೊಸದಾಗಿ ಸೇರಿದ ಒಬ್ಬನು, ಹಣ ಹಾಕಿದ ಮೇಲೆ ಸಂಖ್ಯೆ ತುಂಬಬೇಕೆಂದು ಗೊತ್ತಿಲ್ಲದೆ ಹೊರಗೆ ದುಡ್ಡು ಕೊಟ್ಟು ಉಣ್ಣುತ್ತಿದ್ದವನು, ಸಿಕ್ಕಿದನು. ಅನಾಮತಿನಿಂದ ಕಳೆ 500, ಅವನ ಖಾತೆಗೆ ಕೂಡು 500.

ಕಾನೂನಿನ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಸಾರ್ವಜನಿಕರಿಗಾಗಿ ಎಲ್ಲೆಡೆ ಚಲಾವಣೆಯಾಗುವ ವ್ಯಾಲೆಟ್ ನಡೆಸಬೇಕಾದರೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಅಧಿನಿಯಮದಂತೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು. ಕೊಟ್ಟವರಲ್ಲಿಯೇ ಸರಕು ಕೊಳ್ಳಲು ಮಾತ್ರ ಬಳಸುವ, ನಗದಾಗಿ ತೆಗೆಯಲು ಬಾರದ ಮುಚ್ಚಿದ ಬಗೆಯದಕ್ಕೆ ಆ ಅನುಮತಿ ಬೇಡ. ನಮ್ಮದು ಈ ಬಗೆಯದು. ಒಬ್ಬನ ಸಂಚಿಯಿಂದ ಇನ್ನೊಬ್ಬನ ಸಂಚಿಗೆ ಹಣ ಕಳುಹಿಸುವ ಸೌಕರ್ಯವನ್ನು ಮಿತ್ರರು ಎಷ್ಟು ಬೇಡಿದರೂ ನಾನು ಸೇರಿಸದಿರುವುದು ಈ ಮೇರೆಯನ್ನು ದಾಟಬಾರದೆಂದು.

ದೀಪಾವಳಿಯ ರಜದಲ್ಲಿ ಊರಿಗೆ ಹೋದಾಗ ತಂದೆಯವರಿಗೆ ಫೋನಿನಲ್ಲಿ ನನ್ನದೇ ಖಾತೆಯ ಪುಟವನ್ನು ತೋರಿಸಿದೆ. ಅಕ್ಷರ ಬಾರದಿದ್ದರೂ ಅಂಕಿಗಳನ್ನು ಅವರು ಬಲ್ಲರು. ಚೀಲಗಳನ್ನು ಎಣಿಸಿ ಬದುಕಿದವರು. ಬೆರಳಿನಿಂದ ಒಂದೊಂದೇ ಸಾಲನ್ನು ಸರಿಸುತ್ತ, ಯಾವ ದಿನ ಏನು ಉಂಡೆ ಎಂದು ಕೇಳುತ್ತ, ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಇದನ್ನ ಅಳಸಾಕ ಯಾರಿಗೆ ಬರತೈತಿ?”

ಯಾರಿಗೂ ಬರುವುದಿಲ್ಲ, ಅಳಿಸುವ ಮತ್ತು ತಿದ್ದುವ ಅಧಿಕಾರವನ್ನೇ ಜಾಲತಾಣಕ್ಕೆ ಕೊಟ್ಟಿಲ್ಲವೆಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

“ನಿನಗ?”

ನನಗೆ ಬರುತ್ತದೆ. ದತ್ತಕೋಶದ ಕೀಲಿಕೈ ನನ್ನಲ್ಲಿದೆ. ಹಾಗೆಂದು ಒಪ್ಪಿಕೊಂಡೆ. ಅವರು ಮತ್ತೇನೂ ಹೇಳದೆ ಫೋನನ್ನು ಹಿಂದಕ್ಕೆ ಕೊಟ್ಟರು.

ರಜೆಯಿಂದ ಬಂದ ಮೇಲೆ ಒಂದು ಕೆಲಸವನ್ನು ಸೇರಿಸಿದ್ದೇನೆ. ಪ್ರತಿರಾತ್ರಿ ಹತ್ತು ಗಂಟೆಗೆ ಆ ದಿನದ ಸಾಲುಗಳೆಲ್ಲವನ್ನೂ ಹಿಂದಿನ ದಿನದ ಮುದ್ರೆಯೊಡನೆ ಸೇರಿಸಿ, ಶಾ-256 ಎಂಬ ಗಣಿತದ ರೀತಿಯಿಂದ ಅರುವತ್ತನಾಲ್ಕು ಅಕ್ಷರಗಳ ಹೊಸ ಮುದ್ರೆಯೊಂದನ್ನು ಯಂತ್ರ ತೆಗೆಯುತ್ತದೆ. ಹಳೆಯ ಒಂದು ಅಂಕಿಯನ್ನು ನಾನು ಬದಲಿಸಿದರೂ ಆ ದಿನದಿಂದ ಮುಂದಿನ ಮುದ್ರೆಗಳೆಲ್ಲ ಬೇರೆಯಾಗಿಬಿಡುತ್ತವೆ. ದಿನದ ಮುದ್ರೆಯನ್ನೂ ಒಟ್ಟು ಮೊತ್ತವನ್ನೂ ಒಂದು ಕಾಗದದ ಮೇಲೆ ಅಚ್ಚು ಹಾಕಿ ಊಟದ ಮನೆಯ ಫಲಕಕ್ಕೆ ಅಂಟಿಸುತ್ತೇವೆ. ಒಂದು ಪ್ರತಿ ನಿಲಯಪಾಲಕರ ಕಡತಕ್ಕೆ ಹೋಗುತ್ತದೆ. ತಾಳೆ ನೋಡುವ ಕ್ರಮವನ್ನು ಎರಡನೆಯ ವರ್ಷದ ಇಬ್ಬರಿಗೆ ಕಲಿಸಿಕೊಟ್ಟಿದ್ದೇನೆ. ಮೊದಲ ತಿಂಗಳು ಅವರು ದಿನವೂ ನೋಡುತ್ತಿದ್ದರು. ಈಗ ಶನಿವಾರಗಳಂದು ಮಾತ್ರ ನೋಡುತ್ತಾರೆ. ಅಂದು ಎರಡು ಹೊತ್ತು ಊಟ ಬಿಟ್ಟು ಗ್ರಂಥಾಲಯದಲ್ಲಿ ಕುಳಿತಿದ್ದ ಹುಡುಗನು ಅವರಲ್ಲಿ ಒಬ್ಬನು.